ಖಾಲಿ ಆಯ್ತು ಅನ್ನುವ ಹೋಟೆಲೇ ನನಗೆ ಬೇಕು

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ತಿಂಡಿ ಆಯ್ತಾ? ಆಗಿಲ್ಲ ಅಂದರೆ ಮುಗಿಸಿಕೊಂಡು ಬನ್ನಿ, ಇವತ್ತಿನ ಮಾತು ಖಾಲಿ ಹೊಟ್ಟೆಯಲ್ಲಿ ಕೇಳುವಂಥದ್ದಲ್ಲ.

ಹಿಂದಿನ ವಿಡಿಯೋದಲ್ಲಿ ಒಂದು ಸಣ್ಣ ಹೋಟೆಲ್ ತೋರಿಸಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ನಿಮ್ಮ ಮಾತು ನಂಬಿ ಹನ್ನೊಂದೂವರೆಗೆ ಹೋದೆ. ಇಡ್ಲಿ ಖಾಲಿ, ವಡೆ ಖಾಲಿ, ಬರೀ ಕಾಫಿ ಇದೆ ಅಂದರು. ವ್ಯಾಪಾರ ಮಾಡೋಕೆ ಬರದೇ ಇರೋರನ್ನ ಯಾಕ್ರೀ ತೋರಿಸ್ತೀರಾ?" ಅದಕ್ಕೆ ಲೈಕುಗಳು ಬೇರೆ!

ಓದಿ ನನಗೆ ಕೋಪ ಬಂತು. ಅಲ್ಲ ಸ್ವಾಮಿ, ಅಲ್ಲಿ ಖಾಲಿ ಆಗುತ್ತದೆ ಅನ್ನುವ ಕಾರಣಕ್ಕೇ ಅಲ್ವಾ ನಾನು ಆ ಹೋಟೆಲ್ ತೋರಿಸಿದ್ದು! ಖಾಲಿ ಆಯ್ತು ಅಂತ ಧೈರ್ಯವಾಗಿ ಹೇಳುವ ಹೋಟೆಲೇ ಒಳ್ಳೆಯ ಹೋಟೆಲ್. ಇದು ನನ್ನ ಮಾತು. ಇವತ್ತು ಇದನ್ನೇ ಹೇಳುತ್ತೇನೆ.

ಇಡ್ಲಿಯ ವಿಷಯವನ್ನೇ ತಗೊಳ್ಳಿ. ಇವತ್ತು ಬೆಳಗ್ಗೆ ನಿಮ್ಮ ತಟ್ಟೆಗೆ ಬಂದ ಇಡ್ಲಿಯ ಕೆಲಸ ನಿನ್ನೆ ಮಧ್ಯಾಹ್ನವೇ ಶುರುವಾಗಿರುತ್ತದೆ. ಉದ್ದಿನಬೇಳೆ ನೆನೆಯಬೇಕು. ಸಂಜೆ ರುಬ್ಬಬೇಕು. ರಾತ್ರಿಯೆಲ್ಲಾ ಹಿಟ್ಟು ಹುದುಗಬೇಕು. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಂತೂ ಹಿಟ್ಟು ಏಳುವುದೇ ನಿಧಾನ. ಪಾತ್ರೆಯನ್ನು ಒಲೆ ಪಕ್ಕದಲ್ಲೋ, ಬಟ್ಟೆ ಸುತ್ತಿ ಬೆಚ್ಚಗಿನ ಮೂಲೆಯಲ್ಲೋ ಇಡುವ ಪಾಡು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಈಗ ಹೇಳಿ, ಬೆಳಗ್ಗೆ ಹತ್ತು ಗಂಟೆಗೆ ದಿಢೀರಂತ ಐವತ್ತು ಜನ ಬಂದರೆ ಆ ಹೋಟೆಲಿನವರು ಏನು ಮಾಡಬೇಕು? ಇರುವುದು ಎರಡೇ ದಾರಿ. ಒಂದು, ಖಾಲಿ ಆಯ್ತು ಅನ್ನಬೇಕು. ಇನ್ನೊಂದು, ಹುದುಗದ ಹಿಟ್ಟಿಗೆ ಸೋಡಾ ಸುರಿದು ಉಬ್ಬಿಸಿ ಕೊಡಬೇಕು. ನಿಮಗೆ ಯಾವುದು ಬೇಕು?

ವಡೆ ಇನ್ನೂ ನಾಜೂಕು. ಉದ್ದಿನಹಿಟ್ಟನ್ನು ಗಟ್ಟಿಯಾಗಿ ರುಬ್ಬಿ ಬೇಗ ಕರಿದುಬಿಡಬೇಕು. ಹಿಟ್ಟು ಬಹಳ ಹೊತ್ತು ಕೂತರೆ ಸಡಿಲವಾಗುತ್ತದೆ, ಆಮೇಲೆ ಬಾಣಲೆಗೆ ಬಿಟ್ಟರೆ ಎಣ್ಣೆ ಹೀರುತ್ತದೆ. ವಡೆಯೂ ಎಣ್ಣೆ ಹಾಕಿಕೊಂಡು ತಟ್ಟೆಯಲ್ಲಿ ಬಿದ್ದಿರುತ್ತದೆ, ಎಬ್ಬಿಸಿದರೂ ಏಳುವುದಿಲ್ಲ! ಕಾಯಿ ಚಟ್ನಿಯ ಕಥೆ ಕೇಳಲೇಬೇಡಿ. ಏಪ್ರಿಲ್ ಬಿಸಿಲಲ್ಲಿ ಬೆಳಗ್ಗೆ ರುಬ್ಬಿದ್ದನ್ನು ಮಧ್ಯಾಹ್ನದ ತನಕ ಹೊರಗಿಟ್ಟು ಮೂಸಿ ನೋಡಿ, ಗೊತ್ತಾಗುತ್ತದೆ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ಏನು ಸಿಗುತ್ತದೆ ಅಲ್ಲಿ? ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಅಷ್ಟೇ. ಸಾಂಬಾರ್ ಇಲ್ಲ. ದೋಸೆ ಇಲ್ಲ. ತಟ್ಟೆ ಹಿಡಿದುಕೊಂಡು ಜನ ಫುಟ್‌ಪಾತ್ ಮೇಲೆ ನಿಂತೇ ತಿನ್ನುತ್ತಾರೆ. ಚಟ್ನಿ ಮುಗಿದರೆ ತಟ್ಟೆ ಹಿಡಿದು ಮತ್ತೆ ಹೋಗುತ್ತಾರೆ, ಮತ್ತೆ ಸುರಿಸಿಕೊಂಡು ಬರುತ್ತಾರೆ. ಇಡ್ಲಿ ಮುಳುಗುವಷ್ಟು ಚಟ್ನಿ! ಯಾರಾದರೂ ಸಾಂಬಾರ್ ಇಲ್ಲ ಅಂತ ಮುಖ ಊದಿಸಿಕೊಂಡು ವಾಪಸ್ ಹೋಗಿದ್ದನ್ನು ನಾನಂತೂ ನೋಡಿಲ್ಲ. ನಾಲ್ಕು ತಿಂಡಿ ಮಾಡುವವರಿಗೆ ನಾಲ್ಕರ ಮೇಲೂ ಕಣ್ಣಿರುತ್ತದೆ. ನಲವತ್ತು ಪುಟದ ಮೆನು ಕಾರ್ಡ್ ಇಟ್ಟವರಿಗೆ ಫ್ರಿಜ್ಜೇ ಗತಿ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾಗಿದ್ದು 1943ರಲ್ಲಿ. ಶುಕ್ರವಾರ ರಜೆ. ಭಾನುವಾರ ಬೆಳಗ್ಗೆ ಹೋದರೆ ಹೆಸರು ಬರೆಸಿ ಹೊರಗೆ ಕಾಯಬೇಕು. ಕಾದು ಒಳಗೆ ಹೋದಮೇಲೆ ನೋಡಿ, ಪಂಚೆ ಉಟ್ಟ ಮಾಣಿ ಒಂದೇ ತೋಳಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ದೋಸೆ ತಟ್ಟೆಗಳನ್ನು ಜೋಡಿಸಿಕೊಂಡು ಟೇಬಲುಗಳ ನಡುವೆ ನುಗ್ಗಿ ಬರುತ್ತಾರೆ. ತೋಳು ಅಲುಗುವುದಿಲ್ಲ. ಒಂದೊಂದೇ ತಟ್ಟೆ ಇಳಿಯುತ್ತದೆ. ತುದಿ ಗರಿಗರಿ, ನಡುವೆ ಮೆತ್ತಗೆ, ಮೇಲೆ ತುಪ್ಪದ ಘಮ. ಕಾವಲಿಯಿಂದ ಎದ್ದ ದೋಸೆ ಕಾಯದೆ ನಿಮ್ಮ ಮುಂದೆ ಬಂದಿದೆ. ಅಲ್ಲಿ ನೀವು ದೋಸೆಗೆ ಕಾಯಬೇಕು, ದೋಸೆ ನಿಮಗೆ ಕಾಯುವುದಿಲ್ಲ. ಸರಿಯಾದ ಕ್ರಮ ಅದು!

ಸ್ವಲ್ಪ ತಡೀರಿ, ಇನ್ನೂ ಸಬ್‌ಸ್ಕ್ರೈಬ್ ಆಗದವರು ಆಗಿಬಿಡಿ. ನಾವು ಯಾವ ಹೋಟೆಲಿನವರ ಹತ್ತಿರವೂ ದುಡ್ಡು ತಗೊಂಡು ವಿಡಿಯೋ ಮಾಡುವುದಿಲ್ಲ. ಬಿಲ್ ಕೊಟ್ಟು ತಿಂದು ಬರುತ್ತೇವೆ. ಅದಕ್ಕೇ ಇಷ್ಟು ಗಂಟಲು ಬಿಟ್ಟು ಮಾತಾಡೋಕೆ ಆಗುವುದು.

ಈಗ ಮನೆಗೆ ಬನ್ನಿ. ಮನೆ ಅಡುಗೆ ಯಾಕೆ ರುಚಿ? ಅಮ್ಮನ ಕೈರುಚಿ, ಪ್ರೀತಿ, ಎಲ್ಲಾ ಸರಿ. ಆದರೆ ಮನೆಯಲ್ಲಿ ಖಾಲಿ ಆಗುತ್ತದೆ, ಅದೂ ಒಂದು ಕಾರಣ. "ಹಿಟ್ಟು ಇಷ್ಟೇ ಇದ್ದಿದ್ದು ಕಣೋ, ನಾಳೆ ಹುಯ್ಕೊಡ್ತೀನಿ" ಅಂತ ಅಮ್ಮ ಅಂದರೆ ನೀವು ಒಂದು ಸ್ಟಾರ್ ಕೊಟ್ಟು ಎದ್ದು ಹೋಗುತ್ತೀರಾ? ಇಲ್ವಲ್ಲ! ಮೂರನೇ ದಿನ ಹುಳಿ ಬಂದ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಗುಳಿ ಕಾವಲಿಯಲ್ಲಿ ಪಡ್ಡು ಹಾಕುತ್ತಾರೆ. ಅದು ಎಷ್ಟು ಚೆನ್ನಾಗಿರುತ್ತದೆ! ಹಳೇ ಹಿಟ್ಟು ಅಂತ ಹೇಳಿಯೇ ಬಡಿಸುತ್ತಾರೆ. ಯಾರೂ ಅದನ್ನು ಹೊಸ ಇಡ್ಲಿ ಅಂತ ದಾಟಿಸುವುದಿಲ್ಲ.

ಅವರೆಕಾಯಿ ಕಾಲ ಬಂತು ಅಂದರೆ ನಮ್ಮ ಕಡೆ ಮನೆಮಂದಿಯೆಲ್ಲಾ ಕೂತು ನೆನೆಸಿದ ಕಾಳು ಹಿತುಕುತ್ತಾರೆ. ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ಕೆಲವೊಂದು ಹಾರಿ ಟಿವಿಗೆ ಬಡಿಯುತ್ತವೆ. ಗಂಟೆಗಟ್ಟಲೆ ಹಿತುಕಿದರೂ ಬೇಳೆ ಪಾತ್ರೆಯ ತಳದಲ್ಲೇ ಇರುತ್ತದೆ. ಚಳಿಗಾಲ ಕಳೆದರೆ ಆ ಸೊಗಡು ಮುಗಿಯಿತು. ಜೂನಿನಲ್ಲಿ ಹಿತಕಬೇಳೆ ಸಾರು ಬೇಕು ಅಂತ ಯಾರೂ ಹಟ ಮಾಡುವುದಿಲ್ಲ. ಮನೆಯಲ್ಲಿ ಇಷ್ಟು ತಾಳ್ಮೆ ಇರುವವರಿಗೆ ಹೋಟೆಲ್ ಬಾಗಿಲಲ್ಲಿ ಏನಾಗುತ್ತದೆ?

"ಬೇಡಿಕೆ ಇದ್ದಷ್ಟು ಮಾಡಬೇಕು, ಅದು ಬಿಸಿನೆಸ್ಸು" ಅನ್ನುತ್ತಾರೆ ಕೆಲವರು. ಹಾಗಾದರೆ ನೀವೇ ತೆಗೆಯಿರಿ ಒಂದು ಹೋಟೆಲ್! ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಒಲೆ ಹಚ್ಚಿ, ಆಮೇಲೆ ಬಿಸಿನೆಸ್ ಪಾಠ ಹೇಳಿ. "ನೈಟ್ ಶಿಫ್ಟ್ ಮಾಡುವವರು ಏನು ತಿನ್ನಬೇಕು?" ಆಗಲೇ ಮಾಡಿ ಕೊಡುವಂಥ ಚಿತ್ರಾನ್ನ ಇಲ್ವಾ, ಆಮ್ಲೆಟ್ ಇಲ್ವಾ? ತಿನ್ನಿ, ಯಾರು ಬೇಡ ಅಂದರು. "ಆ್ಯಪ್‌ನಲ್ಲಿ ಹಾಕಬಹುದಲ್ವಾ?" ಅಯ್ಯೋ, ಮಸಾಲೆ ದೋಸೆಯನ್ನು ಡಬ್ಬಿಗೆ ತುಂಬಿ ಅರ್ಧ ಗಂಟೆ ಅದರ ಹಬೆಯಲ್ಲೇ ಬೇಯಿಸಿ, ಗರಿಗರಿ ಇಲ್ಲ ಅಂತ ದೂರು ಬರೆಯುವವರೂ ಇವರೇ!

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆ ಇಡ್ಲಿ ಹುಟ್ಟಿತು ಅಂತ ಎಂ.ಟಿ.ಆರ್.ನವರು ಹೇಳುತ್ತಾರೆ. ಅಕ್ಕಿ ಇಲ್ಲ ಅಂದಾಗ ನಮಗೆ ಹೊಸ ತಿಂಡಿಯೇ ಸಿಕ್ಕಿತು. ಇಲ್ಲ ಅನ್ನುವ ಮಾತಿಗೆ ಹೆದರಬೇಡಿ.

ಖಾಲಿ ಆದರೆ ಖಾಲಿ. ಅಷ್ಟೇ. ಬೇಗ ಏಳಿ! ಏಳೂವರೆಗೆ ಹೋಗಿ ನಿಂತುಕೊಳ್ಳಿ. ಸುಮ್ನೆ ಹನ್ನೊಂದೂವರೆಗೆ ಹಾಸಿಗೆ ಬಿಟ್ಟು ಇಡ್ಲಿ ಇಲ್ಲ ಅಂತ ಗಲಾಟೆ ಮಾಡಿದರೆ ನಾನು ಹೋಟೆಲಿನವರ ಕಡೆಯೇ. ನೂರು ಕಾಮೆಂಟ್ ಹಾಕಿ, ಆಗಲೂ ಅವರ ಕಡೆಯೇ. ಅವರು ಬಾಗಿಲು ಹಾಕಿಕೊಂಡು ಮಧ್ಯಾಹ್ನ ನಿದ್ದೆ ಮಾಡಲಿ, ಚೆನ್ನಾಗಿ ಮಾಡಲಿ!

ನಿಮ್ಮ ಊರಿನಲ್ಲೂ ಇಂಥ ಹೋಟೆಲ್ ಇದ್ದೇ ಇರುತ್ತದೆ. ದಾವಣಗೆರೆ, ಉಡುಪಿ, ಧಾರವಾಡ, ಸಾಗರ, ಎಲ್ಲಿಯದಾದರೂ ಸರಿ. ಹೆಸರು ಬರೆಯಿರಿ, ಯಾವ ತಿಂಡಿ ಮೊದಲು ಮುಗಿಯುತ್ತದೆ ಬರೆಯಿರಿ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವುದನ್ನಂತೂ ಮರೆಯದೆ ಬರೆಯಿರಿ. ಅದಕ್ಕಿಂತ ಒಂದು ಗಂಟೆ ಮುಂಚೆ ನಾವು ಕ್ಯಾಮೆರಾ ಹಿಡಿದುಕೊಂಡು ಅಲ್ಲಿರುತ್ತೇವೆ.