ಥರ್ಮೋಸ್ಟಾಟ್ ತಗೊಳ್ಳುವ ಮುಂಚೆ ಬಾಯ್ಲರ್ ಹತ್ತಿರ ಹೋಗಿ ನೋಡಿ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಇಂಗ್ಲೆಂಡ್‌ನ ಲೀಡ್ಸ್‌ನಲ್ಲಿ ಅಕ್ಟೋಬರ್ ಬಂತೆಂದರೆ ಇಲ್ಲಿನ ಕನ್ನಡದವರು ಎಲ್ಲಿ ಸೇರಿದರೂ ಮಾತು ಹೀಟಿಂಗ್‌ಗೇ ಬಂದು ನಿಲ್ಲುತ್ತದೆ. ಶುರು ಮಾಡಿದಿರಾ, ಎಷ್ಟರಲ್ಲಿ ಇಟ್ಟಿದ್ದೀರಿ, ಬಿಲ್ ಎಷ್ಟು ಬಂತು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಯಾವ ಥರ್ಮೋಸ್ಟಾಟ್ ತಗೊಳ್ಳಲಿ? ಇವತ್ತಿನ ವಿಡಿಯೋ ಅದರ ಬಗ್ಗೆ.

ಊರಿನಿಂದ ನೋಡುತ್ತಿರುವವರಿಗೆ ಮೊದಲು ಒಂದು ಮಾತು. ನಮ್ಮ ಬಚ್ಚಲುಮನೆಯ ಬಾಯ್ಲರ್ ಸ್ನಾನದ ನೀರಿಗೆ ಮಾತ್ರ. ಇಲ್ಲಿ ಅಡುಗೆಮನೆಯ ಕಪಾಟಿನಲ್ಲಿ ಕೂತಿರುವ ಈ ಬಿಳಿ ಡಬ್ಬ ಇಡೀ ಮನೆಗೆ. ಗ್ಯಾಸ್‌ನಲ್ಲಿ ನೀರು ಕಾಯುತ್ತದೆ. ಆ ನೀರು ಪೈಪ್‌ಗಳಲ್ಲಿ ಹರಿದು ಪ್ರತಿ ಕೋಣೆಯ ರೇಡಿಯೇಟರ್ ಬಿಸಿ ಮಾಡಿ, ತಣ್ಣಗಾಗಿ ವಾಪಸ್ ಬರುತ್ತದೆ. ನಲ್ಲಿಗೆ ಬಿಸಿನೀರು ಕೊಡುವುದೂ ಇದೇ. ಕಾಂಬಿ ಬಾಯ್ಲರ್ ಅನ್ನುತ್ತಾರೆ. ಗೋಡೆ ಮೇಲಿನ ಥರ್ಮೋಸ್ಟಾಟ್ ಕೋಣೆ ಎಷ್ಟು ಬೆಚ್ಚಗಿದೆ ಅಂತ ಅಳೆದು ಬಾಯ್ಲರ್‌ಗೆ ಹೇಳುತ್ತದೆ. ಅದನ್ನು ಹೇಗೆ ಹೇಳುತ್ತದೆ ಅನ್ನುವುದರಲ್ಲೇ ಎಲ್ಲ ಇದೆ.

ಬಹಳ ಕಾಲದಿಂದ ಇರುವುದು ಆನ್-ಆಫ್ ಥರ್ಮೋಸ್ಟಾಟ್. ಕೋಣೆ 19 ಡಿಗ್ರಿಗಿಂತ ಕೆಳಗಿಳಿದರೆ 'ಉರಿ' ಅನ್ನುತ್ತದೆ, 19 ದಾಟಿದರೆ 'ನಿಲ್ಲಿಸು' ಅನ್ನುತ್ತದೆ. ಅದಕ್ಕೆ ಗೊತ್ತಿರುವುದು ಈ ಎರಡೇ ಮಾತು. ಇನ್ನೊಂದು ಜಾತಿ, ಮಾಡ್ಯುಲೇಟಿಂಗ್ ಥರ್ಮೋಸ್ಟಾಟ್. 'ಇನ್ನು ಅರ್ಧ ಡಿಗ್ರಿ ಸಾಕು, 48 ಡಿಗ್ರಿ ನೀರು ಕಳಿಸು' ಅಂತ ಲೆಕ್ಕ ಹಾಕಿ ಕೇಳುತ್ತದೆ. ಒಲೆ ಮೇಲೆ ಸಾರು ಇಟ್ಟು ಉರಿ ಪೂರ್ತಿ ಹಾಕುವುದು, ಆರಿಸುವುದು, ಮತ್ತೆ ಹಾಕುವುದು ಒಂದು ರೀತಿ. ಉರಿ ಸಣ್ಣ ಮಾಡಿ ಬಿಡುವುದು ಇನ್ನೊಂದು. ಅಷ್ಟೇ ವ್ಯತ್ಯಾಸ.

ಇದರಿಂದ ಗ್ಯಾಸ್ ಹೇಗೆ ಉಳಿಯುತ್ತದೆ? ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದುಡ್ಡು ಇರುವುದೇ ಇಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಹೊಸ ಗ್ಯಾಸ್ ಬಾಯ್ಲರ್ ಹಾಕಿಸುವುದಾದರೆ ಕಂಡೆನ್ಸಿಂಗ್ ಬಾಯ್ಲರೇ ಆಗಬೇಕು. ಗ್ಯಾಸ್ ಉರಿದಾಗ ಹೊಗೆಯಲ್ಲಿ ನೀರಿನ ಆವಿ ಇರುತ್ತದೆ. ರೇಡಿಯೇಟರ್‌ನಿಂದ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಆ ಆವಿ ಬಾಯ್ಲರ್ ಒಳಗೇ ಹನಿಯಾಗಿ, ತನ್ನ ಬಿಸಿಯನ್ನು ಬಿಟ್ಟುಕೊಡುತ್ತದೆ. ಕಂಡೆನ್ಸ್ ಆಗುವುದು ಅಂದರೆ ಇದೇ. ವಾಪಸ್ ಬರುವ ನೀರು ಅದಕ್ಕಿಂತ ಬಿಸಿ ಇದ್ದರೆ ಆವಿಯಲ್ಲಿರುವ ಬಿಸಿ ಚಿಮಣಿಯಿಂದ ಬೀದಿಗೆ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಬಾಯ್ಲರ್ 70-75 ಡಿಗ್ರಿ ನೀರು ಕಳಿಸುತ್ತಿರುತ್ತದೆ. ಕಂಡೆನ್ಸಿಂಗ್ ಬಾಯ್ಲರ್ ಅಂತ ದುಡ್ಡು ಕೊಟ್ಟಿರುತ್ತೇವೆ, ಅದು ಕಂಡೆನ್ಸೇ ಆಗುತ್ತಿರುವುದಿಲ್ಲ. ನೀರನ್ನು ಬೇಕಾದಷ್ಟೇ ಬಿಸಿ ಕೇಳುವ ಥರ್ಮೋಸ್ಟಾಟ್ ಇದ್ದರೆ ಈ ನಷ್ಟ ತಾನಾಗಿ ಕಡಿಮೆಯಾಗುತ್ತದೆ.

ಹಾಗಾದರೆ ಮಾಡ್ಯುಲೇಟಿಂಗ್ ಒಂದನ್ನು ತಂದು ಹಾಕಿದರೆ ಆಯಿತಲ್ವಾ? ಆಗುವುದಿಲ್ಲ. ಬಾಯ್ಲರ್‌ಗೆ ಅದರ ಮಾತು ತಿಳಿಯಬೇಕು. ಹಲವು ಕಂಪನಿಗಳು ಒಪ್ಪಿಕೊಂಡಿರುವ ಮಾತು ಓಪನ್‌ಥರ್ಮ್. ಐಡಿಯಲ್, ಇಂಟರ್‌ಗ್ಯಾಸ್, ವೀಸ್‌ಮನ್ ಇವರ ಎಷ್ಟೋ ಮಾಡೆಲ್‌ಗಳಲ್ಲಿ ಅದು ಸಿಗುತ್ತದೆ. ವೈಲಂಟ್‌ನವರದು ಇಬಸ್, ವುಸ್ಟರ್ ಬಾಷ್‌ನವರದು ಇಎಂಎಸ್. ಇವೆರಡೂ ಅವರವರ ಸ್ವಂತದ ಮಾತು, ಆದ್ದರಿಂದ ಆ ಬಾಯ್ಲರ್‌ಗಳಿಗೆ ಸಾಮಾನ್ಯವಾಗಿ ಅದೇ ಕಂಪನಿಯ ಕಂಟ್ರೋಲ್ ನೋಡುವುದು ಒಳ್ಳೆಯದು. ಬೇರೆ ಕಂಪನಿಯ ದುಬಾರಿ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿದರೂ ಕೆಲಸ ನಡೆಯುತ್ತದೆ, ಆದರೆ ಹೆಚ್ಚಾಗಿ ಬರೀ ಆನ್-ಆಫ್ ಆಗಿ. ಫೋನ್‌ನಲ್ಲಿ ಚೆಂದದ ಗ್ರಾಫ್ ಬರುತ್ತದೆ, ಬಾಯ್ಲರ್ ಮಾತ್ರ ಮೊದಲಿನ ಹಾಗೆಯೇ 70 ಡಿಗ್ರಿ ಕಳಿಸುತ್ತಿರುತ್ತದೆ. ಸ್ಮಾರ್ಟ್ ಅಂತ ಡಬ್ಬದ ಮೇಲೆ ಬರೆದ ಮಾತ್ರಕ್ಕೆ ಅದು ಮಾಡ್ಯುಲೇಟ್ ಮಾಡುತ್ತದೆ ಅಂತ ಅಂದುಕೊಳ್ಳಬೇಡಿ.

ಅದಕ್ಕೇ ನಾನು ಹೇಳುವುದು, ಮೊದಲು ಬಾಯ್ಲರ್ ಹತ್ತಿರ ಹೋಗಿ. ಕೆಳಗಡೆ ಅಥವಾ ಮುಂದಿನ ಫ್ಲಾಪ್ ಹಿಂದೆ ಮಾಡೆಲ್ ಹೆಸರು ಇರುತ್ತದೆ, ಫೋಟೋ ತೆಗೆದುಕೊಳ್ಳಿ. ಆ ಹೆಸರಿನ ಇನ್‌ಸ್ಟಲೇಶನ್ ಮ್ಯಾನುಯಲ್ ನೆಟ್‌ನಲ್ಲಿ ಸಿಗುತ್ತದೆ. ಅದರಲ್ಲಿ ವೈರಿಂಗ್ ಚಿತ್ರದ ಪುಟಕ್ಕೆ ಹೋಗಿ. ಓಪನ್‌ಥರ್ಮ್ ಅಂತ ಎರಡು ವೈರಿನ ಟರ್ಮಿನಲ್ ಕಂಡರೆ ನಿಮ್ಮ ದಾರಿ ಸುಲಭ. ಬರೀ ರೂಮ್ ಸ್ಟಾಟ್ ಅಂತ ಇದ್ದರೆ ಅದು ಆನ್-ಆಫ್. ಆಗ ಜಾಸ್ತಿ ಖರ್ಚು ಮಾಡಬೇಡಿ, ವಾರದ ಟೈಮ್‌ಟೇಬಲ್ ಹಾಕಲು ಬರುವ ಸಾದಾ ಥರ್ಮೋಸ್ಟಾಟ್ ಸಾಕು. ಅದರ ಜೊತೆ ಬಾಯ್ಲರ್‌ನಲ್ಲಿ ರೇಡಿಯೇಟರ್ ಚಿತ್ರ ಇರುವ ಗುಂಡಿಯನ್ನು 60 ಡಿಗ್ರಿಗೋ ಅದಕ್ಕಿಂತ ಕೆಳಗೋ ತಿರುಗಿಸಿ. ನಲ್ಲಿ ಚಿತ್ರದ ಗುಂಡಿ ಬೇರೆ, ಅದನ್ನು ಮುಟ್ಟಬೇಕಿಲ್ಲ. ಇದಕ್ಕೆ ಒಂದು ಪೆನ್ನಿ ಖರ್ಚಿಲ್ಲ. ಮನೆಯಲ್ಲಿ ಬಿಸಿನೀರಿನ ದೊಡ್ಡ ಸಿಲಿಂಡರ್ ಇದ್ದರೆ ಮಾತ್ರ ಎಂಜಿನಿಯರ್‌ನ ಕೇಳದೆ ಇಳಿಸಬೇಡಿ. ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಿರಲು ಸಿಲಿಂಡರ್‌ನ ನೀರು 60 ಡಿಗ್ರಿ ಇರಲೇಬೇಕು.

ಅಮೆರಿಕದಲ್ಲಿ ಅಣ್ಣ, ಭಾವ ಇರುವವರಿಗೂ ಒಂದು ಮಾತು. ಅಲ್ಲಿ ಬಹಳ ಮನೆಗಳಲ್ಲಿ ಫರ್ನೇಸ್ ಬಿಸಿ ಗಾಳಿ ಊದುತ್ತದೆ, ಥರ್ಮೋಸ್ಟಾಟ್ ವೈರಿಂಗ್ 24 ವೋಲ್ಟ್. ಇಲ್ಲಿ ಹಳೆಯ ಥರ್ಮೋಸ್ಟಾಟ್ ವೈರ್‌ನಲ್ಲಿ 230 ವೋಲ್ಟ್ ಇರಬಹುದು. ಅವರು ಪ್ರೀತಿಯಿಂದ ಹೇಳಿದ ಮಾಡೆಲ್ ಇಲ್ಲಿ ನಡೆಯುವುದಿಲ್ಲ, ಅಲ್ಲಿಂದ ತರಿಸಿಕೊಳ್ಳಬೇಡಿ.

ಈಗ ಇಲ್ಲಿ ನೋಡಿ, ನಮ್ಮ ಬಾಯ್ಲರ್‌ನ ಡಿಸ್‌ಪ್ಲೇ. ಬೆಳಿಗ್ಗೆ ಆರು ಗಂಟೆ, ಮನೆ 16 ಡಿಗ್ರಿ ಇದೆ. ನೀರು 62 ತೋರಿಸುತ್ತಿದೆ. ಕೋಣೆ 18 ಆಗುವ ಹೊತ್ತಿಗೆ ಅದು 54ಕ್ಕೆ ಇಳಿದಿದೆ. 19ರ ಹತ್ತಿರ ಬಂದಾಗ 46. ಉರಿ ಆರಿಲ್ಲ, ಸಣ್ಣಗಾಗಿದೆ. ರೇಡಿಯೇಟರ್ ಮೇಲೆ ಕೈ ಇಟ್ಟರೆ ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇದನ್ನು ಮುಟ್ಟಿ ಬಾಯ್ಲರ್ ಕೆಟ್ಟಿದೆ ಅಂದುಕೊಳ್ಳುವವರು ಬಹಳ ಜನ. ಕೋಣೆ ಬೆಚ್ಚಗಿದ್ದರೆ ಸರಿ, ರೇಡಿಯೇಟರ್ ಸುಡಬೇಕಿಲ್ಲ.

ಇನ್ನು ಮನೆಯ ಜನ. ಶಿವಮೊಗ್ಗದಿಂದ ಅಮ್ಮ ಬಂದಾಗ ಚಳಿ ಅಂತ ಥರ್ಮೋಸ್ಟಾಟ್ 28ಕ್ಕೆ ಇಡುತ್ತಿದ್ದರು, ಬೇಗ ಬೆಚ್ಚಗಾಗಲಿ ಅಂತ. ತುಂಬ ಜನ ಹಾಗೇ ಮಾಡುತ್ತಾರೆ. ಆನ್-ಆಫ್ ಥರ್ಮೋಸ್ಟಾಟ್‌ನಲ್ಲಿ 28 ಇಟ್ಟರೂ 20 ಇಟ್ಟರೂ ಉರಿ ಅಷ್ಟೇ, ಕೋಣೆ ಅದೇ ವೇಗದಲ್ಲಿ ಕಾಯುತ್ತದೆ. ನಿಲ್ಲುವುದು ಮಾತ್ರ ತಡ. ಮನೆಯಲ್ಲಿ ಕನಿಷ್ಠ 18 ಡಿಗ್ರಿ ಇರಲಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಯಸ್ಸಾದವರು, ಎಳೆ ಮಕ್ಕಳು ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ ಬೇಕು, ಅಲ್ಲಿ ಜಿಪುಣತನ ಬೇಡ. ಹಾಗಾಗಿ ದೊಡ್ಡ ಅಂಕಿ ಕಾಣುವ, ತಿರುಗಿಸಲು ಗುಂಡಿ ಇರುವ ಥರ್ಮೋಸ್ಟಾಟ್ ಆರಿಸಿ. ನೀವು ಆಫೀಸಿನಲ್ಲಿ, ಅಮ್ಮ ಮನೆಯಲ್ಲಿ, ಕಂಟ್ರೋಲ್ ಎಲ್ಲ ನಿಮ್ಮ ಫೋನ್‌ನಲ್ಲಿ. ಅವರು ಶಾಲು ಹೊದ್ದು ಕಾಯುತ್ತಾ ಕೂರಬೇಕೇ?

ಆಪ್ ಬಗ್ಗೆ ಇನ್ನೊಂದು ವಿಷಯ. 2025ರ ಅಕ್ಟೋಬರ್‌ನಲ್ಲಿ ಗೂಗಲ್ ಹಳೆಯ ನೆಸ್ಟ್ ಥರ್ಮೋಸ್ಟಾಟ್‌ಗಳ ಆಪ್ ಬೆಂಬಲ ನಿಲ್ಲಿಸಿತು. ಯುರೋಪಿನಲ್ಲಿ ಹೊಸ ನೆಸ್ಟ್ ಥರ್ಮೋಸ್ಟಾಟ್ ಬಿಡುವುದಿಲ್ಲ ಅಂತಲೂ ಅದೇ ವರ್ಷ ಹೇಳಿತು. ಹಳೆಯವು ಗೋಡೆ ಮೇಲೆ ಕೆಲಸ ಮಾಡುತ್ತವೆ, ಫೋನ್‌ನಿಂದ ಆಗುವುದಿಲ್ಲ. ಯಾವ ಬ್ರ್ಯಾಂಡ್ ತಗೊಂಡರೂ ಇಂಟರ್ನೆಟ್ ಹೋದಾಗ ಏನೇನು ನಡೆಯುತ್ತದೆ ಅಂತ ಕೇಳಿಯೇ ತಗೊಳ್ಳಿ.

ಜಾಗವನ್ನು ಮರೆಯಬೇಡಿ. ಒಗ್ಗರಣೆ ಹಾಕುವ ಒಲೆಯ ಪಕ್ಕ, ಬಿಸಿಲು ಬೀಳುವ ಗೋಡೆ, ರೇಡಿಯೇಟರ್ ಮೇಲೆ, ಮುಂಬಾಗಿಲ ಗಾಳಿ ಹೊಡೆಯುವಲ್ಲಿ ಬೇಡ. ನೀವು ಹೆಚ್ಚು ಹೊತ್ತು ಕೂರುವ ಕೋಣೆಯಲ್ಲಿ, ಎದೆ ಎತ್ತರಕ್ಕೆ ಇರಲಿ. ಆ ಕೋಣೆಯ ರೇಡಿಯೇಟರ್ ಪಕ್ಕದ ವಾಲ್ವ್ ಪೂರ್ತಿ ತೆರೆದಿರಲಿ. ಇಲ್ಲದಿದ್ದರೆ ಕೋಣೆ ಸ್ವಲ್ಪ ಬೆಚ್ಚಗಾದ ಕೂಡಲೇ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ, ಥರ್ಮೋಸ್ಟಾಟ್ ಇನ್ನೂ ಚಳಿ ಅನ್ನುತ್ತದೆ, ಬಾಯ್ಲರ್ ಉರಿಯುತ್ತಲೇ ಇರುತ್ತದೆ.

ವೈರಿಂಗ್ ನೀವೇ ಮಾಡಬೇಡಿ. 230 ವೋಲ್ಟ್ ವೈರ್ ತಪ್ಪಿ ಓಪನ್‌ಥರ್ಮ್ ಟರ್ಮಿನಲ್‌ಗೆ ಹೋದರೆ ಬಾಯ್ಲರ್‌ನ ಬೋರ್ಡ್ ಸುಟ್ಟುಹೋಗಬಹುದು. ಗ್ಯಾಸ್ ಸೇಫ್, ಅಂದರೆ ಗ್ಯಾಸ್ ಕೆಲಸದವರ ಇಲ್ಲಿನ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವವರನ್ನೇ ಕರೆಸಿ. ಅವರ ಕಾರ್ಡ್‌ನ ಹಿಂಬದಿ ನೋಡಿ, ಯಾವ ಯಾವ ಕೆಲಸಕ್ಕೆ ಅನುಮತಿ ಇದೆ ಅಂತ ಅಲ್ಲಿ ಬರೆದಿರುತ್ತದೆ. ಬಾಡಿಗೆ ಮನೆಯಾದರೆ ಮೊದಲು ಮಾಲೀಕರಿಗೆ ಹೇಳಿ.

ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರು ಹೀಟಿಂಗ್ ಪೂರ್ತಿ ಆಫ್ ಮಾಡಬೇಡಿ. ಪೈಪ್‌ನಲ್ಲಿ ನೀರು ಹೆಪ್ಪುಗಟ್ಟಿ ಒಡೆದರೆ ನೀವು ಬರುವಷ್ಟರಲ್ಲಿ ಮನೆಯೆಲ್ಲ ನೀರು. ಥರ್ಮೋಸ್ಟಾಟ್‌ನಲ್ಲಿ ಹಾಲಿಡೇ ಮೋಡ್ ಇದ್ದರೆ 12 ಡಿಗ್ರಿಗೆ ಇಟ್ಟು ಹೋಗಿ. ಖಾಲಿ ಮನೆಯಲ್ಲಿ ಚಳಿಗಾಲಕ್ಕೆ ಇಷ್ಟು ಡಿಗ್ರಿ ಇರಬೇಕು ಅಂತ ಕೆಲವು ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಬರೆದಿರುತ್ತದೆ. ಟಿಕೆಟ್ ಬುಕ್ ಮಾಡಿದ ದಿನವೇ ಅದನ್ನೂ ತೆಗೆದು ಓದಿಬಿಡಿ.