ಸಿಹಿ ನೀವೇ ಹಾಕಿ

ಕೇಳುಗರಿಗೆಲ್ಲ ನಮಸ್ಕಾರ. ಮೈಸೂರು, ಮಂಡ್ಯದ ಕಡೆ ಈಗ ಬೆಳಗ್ಗೆ ಕದ ತೆಗೆದರೆ ಮಂಜು. ಮಕ್ಕಳಿಗೆ ಬಿಸಿಬಿಸಿ ಏನಾದರೂ ಬೇಕು. ಅಡುಗೆಮನೆಯ ಶೆಲ್ಫಿನಿಂದ ಡ್ರಿಂಕಿಂಗ್ ಚಾಕೊಲೇಟಿನ ಒಂದು ಡಬ್ಬಿ ಇಳಿಯುತ್ತದೆ, ಎರಡು ದೊಡ್ಡ ಚಮಚ ಪುಡಿ ಹಾಲಿಗೆ ಬೀಳುತ್ತದೆ, ಮಗು ಗಟಗಟ ಕುಡಿಯುತ್ತದೆ, ಅಮ್ಮನಿಗೆ ಸಮಾಧಾನ. ಇದನ್ನು ಕೇಳುತ್ತಿರುವ ಎಷ್ಟೋ ಜನರ ಕೈಯಲ್ಲಿ ಈಗಲೇ ಆ ಚಮಚ ಇರಬಹುದು. ಒಂದು ನಿಮಿಷ ಅದನ್ನು ಕೆಳಗಿಟ್ಟು ಡಬ್ಬಿಯ ಹಿಂಭಾಗ ತಿರುಗಿಸಿ.

ಮುಂಭಾಗ ಬೇಡ. ಮುಂಭಾಗದಲ್ಲಿ ಓಡುವ ಹುಡುಗ, ಜಿಗಿಯುವ ಹುಡುಗಿ ಇರುತ್ತಾರೆ, ಅವರನ್ನು ಬಿಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಏನೇನು ಹಾಕಿದ್ದಾರೆ ಅಂತ ಪಟ್ಟಿ ಇರುತ್ತದೆ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಮ್ಮ ದೇಶದ ಕಾನೂನು. ಡ್ರಿಂಕಿಂಗ್ ಚಾಕೊಲೇಟ್ ಪುಡಿಗಳಲ್ಲಿ ಹೆಚ್ಚಿನವುಗಳ ಪಟ್ಟಿಯಲ್ಲಿ ಮೊದಲ ಹೆಸರು ಕೋಕೋ ಅಲ್ಲ, ಸಕ್ಕರೆ. ನೂರು ಗ್ರಾಂ ಪುಡಿಯಲ್ಲಿ 70 ಗ್ರಾಂ ಸಕ್ಕರೆ ಇರುವುದು ಏನೂ ಅಪರೂಪವಲ್ಲ. ನೀವು ಹಾಕುವ 20 ಗ್ರಾಂ ಪುಡಿಯಲ್ಲಿ 14 ಗ್ರಾಂ ಸಕ್ಕರೆಯೇ ಆಯ್ತು, ಅಂದರೆ ಸುಮಾರು ಮೂರು ಟೀ ಚಮಚ. ದೊಡ್ಡವರಿಗೇ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಮಗು ಇನ್ನೂ ಸ್ನಾನ ಮಾಡಿಲ್ಲ, ಅಷ್ಟರಲ್ಲಿ ದೊಡ್ಡವರ ಲೆಕ್ಕದ ಅರ್ಧಕ್ಕಿಂತ ಜಾಸ್ತಿ ಹೊಟ್ಟೆಗೆ ಹೋಯ್ತು ಅಲ್ವಾ.

ಇವತ್ತು ನಾನು ಹೇಳಲು ಬಂದಿರುವುದು ಒಂದೇ ಮಾತು. ಕೋಕೋ ಬೇರೆ ತನ್ನಿ, ಸಿಹಿ ನೀವೇ ಹಾಕಿ.

ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದವರು ಒಮ್ಮೆ ಕರೆದಿದ್ದರು. ಮಕ್ಕಳ ಆಹಾರದ ಬಗ್ಗೆ ಮಾತಾಡಿ ಅಂದರು. ಮಾತು ಯಾರಿಗೆ ಬೇಕು, ಮಾಡಿಯೇ ತೋರಿಸೋಣ ಅಂತ ಒಂದು ಕೈಯಲ್ಲಿ ಅಂಗಡಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಬರೀ ಕೋಕೋ ಪುಡಿ ಹಿಡಿದುಕೊಂಡು ಹೋದೆ. ಜಗಲಿ ಮೇಲೆ ಕೂತಿದ್ದವರಲ್ಲಿ ಒಬ್ಬ ಅಜ್ಜಿ ಇದ್ದರು, ಅವರ ಮನೆಯದೇ ಆಲೆಮನೆ. ಸೀರೆಯ ಸೆರಗಿಗೂ ಪಾಕದ ವಾಸನೆ. ಪಿಯುಸಿ ಓದುವ ಅವರ ಮೊಮ್ಮಗಳ ಕೈಗೆ ಡಬ್ಬಿ ಕೊಟ್ಟು, ಮೊದಲ ಹೆಸರು ಏನಿದೆ ಓದಮ್ಮ ಅಂದೆ. ಅವಳು ಡಬ್ಬಿಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಸಕ್ಕರೆ ಅಂದಳು. ಲೇಬಲ್ಲಿನ ಲೆಕ್ಕದಂತೆ ಒಂದು ಲೋಟಕ್ಕೆ ಎಷ್ಟು ಸಕ್ಕರೆ ಹೋಗುತ್ತದೋ ಅಷ್ಟನ್ನು ಅವಳ ಕೈಯಿಂದಲೇ ಬಾಳೆ ಎಲೆ ಮೇಲೆ ಸುರಿಸಿದೆ. ಪಕ್ಕದಲ್ಲಿ ಕೋಕೋ ಎಷ್ಟಿರಬಹುದು ಅಂತ ಒಂದು ಚಿಟಿಕೆ ಇಟ್ಟೆ. ಯಾರೂ ಮಾತಾಡಲಿಲ್ಲ. ಅಜ್ಜಿ ಎಲೆಯನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಆಮೇಲೆ ಅಂದರು, "ಇದು ನಮ್ ಕಬ್ಬೇ ಕಣವ್ವ. ಬಣ್ಣ ಬಳ್ಕೊಂಡು ವಾಪಸ್ ಬಂದದೆ, ಅಷ್ಟೆಯ."

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಂದಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಒಲೆ ಹಚ್ಚಿ ಹಾಲು ಇಟ್ಟು, ಕೋಕೋ ಕಲಸಿ ಹಾಕಿ, ಸಿಹಿ ಇಲ್ಲದೆಯೇ ಒಂದು ಗುಟುಕು ಅಜ್ಜಿಗೆ ಕೊಟ್ಟೆ. ಥೂ, ಜ್ವರಕ್ಕೆ ಕೊಡೋ ಕಷಾಯ ಇದ್ದಂಗದೆ ಅಂದವರೇ, ಒಳಗೆ ಹೋಗಿ ಒಂದು ಅಚ್ಚು ಬೆಲ್ಲ ತಂದರು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಕುದಿಯುತ್ತಿದ್ದ ಹಾಲಿಗೆ ಅರ್ಧ ಅಚ್ಚು ಬಿದ್ದೇಹೋಯ್ತು. ಹಾಲು ಒಡೆಯಿತು. ಸುತ್ತ ಕೂತವರೆಲ್ಲ ಬಾಯಿ ಮುಚ್ಚಿ ನಗು. ಅಜ್ಜಿ ಮಾತ್ರ ಒಂದಿಷ್ಟೂ ತಬ್ಬಿಬ್ಬಾಗಲಿಲ್ಲ, ಬಟ್ಟೆಯಲ್ಲಿ ಸೋಸಿ ನೀರು ಹಿಂಡಿ, ಗಟ್ಟಿಯನ್ನು ಏಲಕ್ಕಿ ಹಾಕಿ ಮಕ್ಕಳಿಗೆ ಹಂಚಿಬಿಟ್ಟರು. ಎರಡನೇ ಸಲ ಹಾಲಿಟ್ಟಾಗ ಒಂದು ಟೀ ಚಮಚ ಬೆಲ್ಲ ಸಾಕು ಅಂದಿದ್ದಕ್ಕೆ ನನ್ನ ಮೇಲೆ ಸಿಟ್ಟೇ ಬಂತು. "ನಾವೇ ಕಾಯ್ಸಿದ ಬೆಲ್ಲ, ಇದ್ಕೂ ಯಾಕವ್ವ ಲೆಕ್ಕ?"

ಲೆಕ್ಕ ಬೇಕು ಅಜ್ಜಿ. ಮಂಡ್ಯದವರಿಗೆ ಬೆಲ್ಲದ ಬಗ್ಗೆ ಹೀಗೆ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣದ ಅಂಶ ಇದೆ, ಖನಿಜಾಂಶ ಇದೆ, ರುಚಿಯಂತೂ ಸಕ್ಕರೆಗೆ ಎಲ್ಲಿಂದ ಬರಬೇಕು. ಆದರೆ ಸಿಹಿಯ ವಿಷಯದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ಬೆಲ್ಲ ತಾನೆ ಅಂತ ಮೂರು ಚಮಚ ಸುರಿದರೆ ಡಬ್ಬಿ ಬಿಟ್ಟು ಏನು ಪ್ರಯೋಜನ? ಒಂದು ಲೋಟಕ್ಕೆ ಒಂದು ಚಮಚ, ಬಹಳ ಅಂದರೆ ಒಂದೂವರೆ. ಅದಕ್ಕೇ ಹೇಳುವುದು, ಸಿಹಿ ನೀವೇ ಹಾಕಿ ಅಂತ.

ಸರಿ, ಮಾಡುವ ವಿಧಾನ ಬರೆದುಕೊಳ್ಳಿ. ಒಂದು ಲೋಟ ಅಂದರೆ 200 ಮಿಲಿ ಹಾಲು. ನಂದಿನಿ ನೀಲಿ ಪ್ಯಾಕೆಟ್ ಸಾಕು. ಕೋಕೋ ಪುಡಿ ಎರಡು ಟೀ ಚಮಚ, ಸಮಕ್ಕೆ ತೆಗೆದದ್ದು. ರಾಗಿ ಹಿಟ್ಟು ಒಂದು ಟೀ ಚಮಚ. ಹೌದು, ರಾಗಿ. ಹೋಟೆಲಿನವರು ಗಟ್ಟಿಯಾಗಲಿ ಅಂತ ಕಾರ್ನ್‌ಫ್ಲೋರ್ ಹಾಕುತ್ತಾರೆ, ಅದರಲ್ಲಿ ಪಿಷ್ಟ ಬಿಟ್ಟರೆ ಏನೂ ಇಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಮನೆಯಲ್ಲಿ ಮೂಟೆಗಟ್ಟಲೆ ರಾಗಿ ಇಟ್ಟುಕೊಂಡು ಕಾರ್ನ್‌ಫ್ಲೋರ್ ಯಾಕೆ ತರುತ್ತೀರಿ? ಸಾದಾ ಹುರಿದ ರಾಗಿ ಹಿಟ್ಟೇ ಇರಲಿ. ಮೊಳಕೆ ಕಟ್ಟಿದ ರಾಗಿಯದು ಅಷ್ಟು ಗಟ್ಟಿಯಾಗುವುದಿಲ್ಲ.

ಕೋಕೋ ಮತ್ತು ರಾಗಿ ಹಿಟ್ಟನ್ನು ಬಟ್ಟಲಲ್ಲಿ ಹಾಕಿ ನಾಲ್ಕು ಚಮಚ ತಣ್ಣನೆ ಹಾಲಿನಲ್ಲಿ ಕಲಸಿ. ಈ ಹೆಜ್ಜೆ ಬಿಡಬೇಡಿ. ಕೋಕೋದಲ್ಲಿ ಕೊಬ್ಬು ಇರುತ್ತದೆ, ಅದಕ್ಕೆ ಹಾಲಿನ ಮೇಲೆ ಸುಮ್ನೆ ಉದುರಿಸಿದರೆ ತೇಲುತ್ತದೆ, ಗಂಟು ಕಟ್ಟುತ್ತದೆ. ಚಮಚದ ಹಿಂಭಾಗದಿಂದ ಉಜ್ಜಿ ಉಜ್ಜಿ ಕಲಸಿದರೆ ಬಟ್ಟಲಿನ ಅಂಚಿನಲ್ಲಿ ಹೊಳೆಯುವ ಕಂದು ಗೆರೆ ಮೂಡುತ್ತದೆ, ಆಗ ಹದ ಬಂತು ಅಂತ. ಉಳಿದ ಹಾಲು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಇದನ್ನು ಸೇರಿಸಿ, ರಾಗಿಯ ಹಸಿ ವಾಸನೆ ಹೋಗುವವರೆಗೆ ಮೂರು ನಾಲ್ಕು ನಿಮಿಷ ಕೈಯಾಡಿಸಿ. ಏಲಕ್ಕಿ ಒಂದು, ಉಪ್ಪು ನಾಲ್ಕು ಹರಳು. ಉಪ್ಪಾ ಅನ್ನಬೇಡಿ, ಅದು ಕೋಕೋದ ಕಹಿಯನ್ನು ತಗ್ಗಿಸುತ್ತದೆ, ಸಿಹಿ ಕಡಿಮೆ ಸಾಕಾಗುತ್ತದೆ. ಒಲೆ ಆರಿಸಿ. ಎರಡು ನಿಮಿಷ ಬಿಟ್ಟು ಬೆಲ್ಲದ ಪುಡಿ. ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತದೆ, ಕುದಿಯುವಾಗ ಹಾಕಿದರೆ ಏನಾಗುತ್ತದೆ ಅಂತ ಆಗಲೇ ಹೇಳಿದ್ದೇನೆ.

ಆಮೇಲೆ ಕಾಫಿಗೆ ಮಾಡುವ ಹಾಗೆ ಲೋಟದಿಂದ ಬಟ್ಟಲಿಗೆ ಎತ್ತಿ ಸುರಿಯಿರಿ, ನೊರೆ ಬರುತ್ತದೆ. ಮಧ್ಯ ಅಮೆರಿಕದ ಮಾಯಾ ಜನ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕೋಕೋವನ್ನು ಹೀಗೆ ಎತ್ತರದಿಂದ ಸುರಿದೇ ನೊರೆ ಬರಿಸುತ್ತಿದ್ದರು, ಅವರ ಮಡಕೆಗಳ ಮೇಲೆ ಆ ಚಿತ್ರವೂ ಇದೆ. ಸಕ್ಕರೆ ಅವರಿಗೆ ಗೊತ್ತೇ ಇರಲಿಲ್ಲ. ಅದು ಸೇರಿದ್ದು ಯುರೋಪಿನವರ ಕೈಗೆ ಸಿಕ್ಕ ಮೇಲೆ.

ಸ್ಟುಡಿಯೋ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಕೊಳ್ಳುವಾಗ ಬೆಲ್ಲ ಕಪ್ಪಗಿರಲಿ, ಕೋಕೋ ತಿಳಿ ಕಂದು ಇರಲಿ. ಹೊಂಬಣ್ಣಕ್ಕೆ ಮಿಂಚುವ ಬೆಲ್ಲಕ್ಕೆ ಹೈಡ್ರೋಸ್ ಅನ್ನುವ, ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕಿರಬಹುದು. ತೀರಾ ಕಪ್ಪು ಕೋಕೋ ಅಂದರೆ ಕ್ಷಾರ ಹಾಕಿ ಸಂಸ್ಕರಿಸಿದ್ದು, ಅದರಲ್ಲಿ ಒಳ್ಳೆಯ ಅಂಶಗಳು ಎಷ್ಟೋ ಹೋಗಿರುತ್ತವೆ. ದೂರದಿಂದ ತರಿಸಬೇಕಿಲ್ಲ, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೇ ಕೋಕೋ ಬೆಳೆಯುತ್ತಾರೆ. ಪುತ್ತೂರಿನಲ್ಲಿ ಅಡಿಕೆ, ಕೋಕೋ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದವರ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಬೆಲ್ಲ ಬೇಡದವರು ಎರಡು ಖರ್ಜೂರ ನೆನೆಸಿ ರುಬ್ಬಿ ಹಾಕಿ, ಇಲ್ಲವೇ ಚೆನ್ನಾಗಿ ಕಳಿತ ಅರ್ಧ ಬಾಳೆಹಣ್ಣು. ನಂಜನಗೂಡು ರಸಬಾಳೆ ಸಿಕ್ಕಿದರೆ ಅದನ್ನು ಮಾತ್ರ ಇದಕ್ಕೆ ಹಾಕಬೇಡಿ, ಹಾಗೇ ತಿನ್ನಿ. ಶೀತ ಇದ್ದರೆ ಶುಂಠಿ ಪುಡಿ ಚಿಟಿಕೆ.

ಮಕ್ಕಳು ಮೊದಲ ದಿನ ಮುಖ ಸಿಂಡರಿಸುತ್ತಾರೆ. ಹೆದರಿ ವಾಪಸ್ ಡಬ್ಬಿಗೆ ಹೋಗಬೇಡಿ. ಎರಡು ಚಮಚ ಬೆಲ್ಲದಿಂದ ಶುರು ಮಾಡಿ, ವಾರಕ್ಕೆ ಕಾಲು ಚಮಚ ಇಳಿಸುತ್ತಾ ಬನ್ನಿ, ಅವರಿಗೆ ಗೊತ್ತೂ ಆಗುವುದಿಲ್ಲ. ಸಿಹಿ ಹಾಕುವವರು ನೀವು ತಾನೆ. ನಮಸ್ಕಾರ.