ಹಾಟ್ ಟಬ್ಬಿಗೆ ಎಣ್ಣೆ ಸ್ನಾನ

ನಮಸ್ಕಾರ. ಹೊರಗೆ ಮೈನಸ್ 25 ಡಿಗ್ರಿ. ಇಲ್ಲಿಯವರ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೈನಸ್ 13. ಯಾವ ಲೆಕ್ಕದಲ್ಲಿ ಹೇಳಿದರೂ ಹಲ್ಲು ಕಟಕಟ ಎನ್ನುವುದು ತಪ್ಪುವುದಿಲ್ಲ. ಇದು ಅಮೆರಿಕದ ಮಿನಿಯಾಪೊಲಿಸ್ ಹತ್ತಿರದ ನಮ್ಮ ಮನೆಯ ಹಿತ್ತಲು. ಹಿಮದ ನಡುವೆ ಆವಿ ಬಿಡುತ್ತಾ ಕುಳಿತಿರುವ ಆ ಪೆಟ್ಟಿಗೆಯೇ ಹಾಟ್ ಟಬ್, ಅಂದರೆ ಕುತ್ತಿಗೆವರೆಗೆ ಮುಳುಗಿ ಕೂರುವ ಬಿಸಿನೀರಿನ ತೊಟ್ಟಿ. ಬಾಗಿಲಿನಿಂದ ಅಲ್ಲಿಗೆ ಹನ್ನೊಂದು ಹೆಜ್ಜೆ. ಬರಿಗಾಲಲ್ಲಿ ಓಡುತ್ತಿರುವುದು ನಾನೇ. ಚಪ್ಪಲಿ ಯಾಕೆ ಹಾಕುವುದಿಲ್ಲ ಎಂದರೆ, ಕಳೆದ ವರ್ಷ ಒದ್ದೆ ಚಪ್ಪಲಿಯನ್ನು ಮರದ ಹಲಗೆಯ ಮೇಲೆ ಮರೆತುಬಂದೆ. ಮಾರ್ಚ್‌ವರೆಗೆ ಅದು ಅಲ್ಲಿಂದ ಏಳಲಿಲ್ಲ.

ಆಹಾ. ಸ್ವಲ್ಪ ಹೊತ್ತು ಮಾತು ಬೇಡ.

ನೀರು 39 ಡಿಗ್ರಿ ಇದೆ. 40ಕ್ಕಿಂತ ಮೇಲೆ ಈ ಯಂತ್ರ ಹೋಗುವುದೂ ಇಲ್ಲ, ಹೋಗಲೂ ಬಾರದು. ನನ್ನ ಹುಬ್ಬು ನೋಡಿ, ಬೆಳ್ಳಗಾಗಿದೆ. ಕೂದಲು ಮುಟ್ಟಿದರೆ ಕಡ್ಡಿ ಮುರಿದಂತೆ ಸದ್ದು ಬರುತ್ತದೆ. ಕುತ್ತಿಗೆಯಿಂದ ಕೆಳಗೆ ಬೇಸಿಗೆ, ಮೇಲೆ ಜನವರಿ. ಇದನ್ನು ಕೊಂಡದ್ದು ದಂಡ ಎಂದು ಕಳೆದ ವಿಡಿಯೋದಲ್ಲಿ ಹೇಳಿದ್ದೆನಲ್ಲ, ಆ ಮಾತನ್ನು ಈ ಹದಿನೈದು ನಿಮಿಷದ ಮಟ್ಟಿಗೆ ಹಿಂತೆಗೆದುಕೊಂಡಿದ್ದೇನೆ.

ಈಗ ಕೆಳಗೆ ಗುಂಯ್ ಎನ್ನುತ್ತಿರುವುದು ಪಂಪು. ಈ ಚಳಿಯಲ್ಲಿ ನೀರು ಓಡಾಡುತ್ತಲೇ ಇರಬೇಕು. ಇಡೀ ದಿನ ಕರೆಂಟ್ ಹೋದರೆ ಪೈಪಿನೊಳಗಿನ ನೀರು ಹೆಪ್ಪುಗಟ್ಟಿ ಪೈಪನ್ನೇ ಸೀಳಿಬಿಡುತ್ತದೆ. ನೀರು ಬದಲಿಸುವ ಕೆಲಸವನ್ನು ನಡುಚಳಿಗಾಲದಲ್ಲಿ ಇಟ್ಟುಕೊಳ್ಳದೆ ಇರುವುದಕ್ಕೂ ಇದೇ ಕಾರಣ. ಲೆಕ್ಕವೊಂದಿದೆ: ಎಷ್ಟು ಗ್ಯಾಲನ್ ಹಿಡಿಯುತ್ತದೆಯೋ ಅದನ್ನು ಮೂರರಿಂದ ಭಾಗಿಸಿ, ದಿನಕ್ಕೆ ಎಷ್ಟು ಜನ ಇಳಿಯುತ್ತಾರೋ ಆ ಸಂಖ್ಯೆಯಿಂದ ಮತ್ತೆ ಭಾಗಿಸಿದರೆ, ನೀರು ಎಷ್ಟು ದಿನ ಬಾಳುತ್ತದೆ ಎಂದು ಸಿಗುತ್ತದೆ. ನಮ್ಮದು 400 ಗ್ಯಾಲನ್, ಅಂದರೆ ಸುಮಾರು 1500 ಲೀಟರ್. ದಿನವೂ ಇಬ್ಬರು ಇಳಿದರೆ 66 ದಿನ. ನಾವು ವಾರಕ್ಕೆ ಮೂರು ಸಲ ಇಳಿಯುವವರು. ಆದ್ದರಿಂದ ಚಳಿ ಬಲಿಯುವ ಮೊದಲು ತುಂಬಿದರೆ ಮಾರ್ಚ್‌ವರೆಗೆ ಎಳೆಯಬಹುದು. ತುಂಬುವುದು ಅಕ್ಟೋಬರಿನಲ್ಲಿ. ಈ ಸಲ ಎರಡು ಸಲ ತುಂಬಿದೆ. ಯಾಕೆ ಎಂಬುದು ದೊಡ್ಡ ಕಥೆ.

ಇಗೋ, ಇದು ಅಕ್ಟೋಬರಿನ ದೃಶ್ಯ. ನಮ್ಮ ಆಯಿ ಶಿರಸಿಯಿಂದ ಬಂದಿದ್ದರು. ಶಿರಸಿ ಕಡೆಯ ನಮ್ಮಂಥ ಮನೆಗಳಲ್ಲಿ ಅಮ್ಮನಿಗೆ ಆಯಿ ಎನ್ನುತ್ತೇವೆ. ದೀಪಾವಳಿಗೆ ಮೊದಲಿನ ವಾರ ನಾನು ಹಳೆಯ ನೀರು ಖಾಲಿ ಮಾಡಿ, ತೊಟ್ಟಿ ಒರೆಸಿ, ಹೊಸ ನೀರು ಬಿಟ್ಟಿದ್ದೆ. ಕೊಳವೆಯನ್ನು ನೇರವಾಗಿ ತೊಟ್ಟಿಗೆ ಬಿಡಬೇಡಿ, ಫಿಲ್ಟರ್ ಕೂರುವ ಗುಂಡಿಯೊಳಗೆ ಬಿಡಿ. ಇಲ್ಲದಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ಪಂಪು ಬರಿದೇ ಕೂಗುತ್ತದೆ. ನಲ್ಲಿಯ ನೀರು 12 ಡಿಗ್ರಿ ಇತ್ತು. ಅದನ್ನು 39ಕ್ಕೆ ಏರಿಸಲು ಸುಮಾರು 47 ಯೂನಿಟ್ ಕರೆಂಟ್, ನಾಲ್ಕು ಕಿಲೋವಾಟ್ ಹೀಟರಿಗೆ ಹನ್ನೆರಡು ಗಂಟೆಯ ಕೆಲಸ. ಯೂನಿಟ್ಟಿಗೆ 16 ಸೆಂಟ್ ಹಿಡಿದರೆ ಎಂಟು ಡಾಲರ್ ಕೂಡ ಆಗುವುದಿಲ್ಲ. ನೀರು ಬಿಸಿ ಮಾಡುವುದರಲ್ಲಿ ಯಾರೂ ದಿವಾಳಿಯಾಗುವುದಿಲ್ಲ. ದುಡ್ಡು ಎಲ್ಲಿ ಹೋಗುತ್ತದೆ ಎಂಬುದನ್ನು ಈಗ ನೋಡುತ್ತೀರಿ.

ತಪ್ಪು ನನ್ನದೇ. ಫೋನಿನಲ್ಲಿ ಎರಡು ವರ್ಷದಿಂದ ಆಯಿಗೆ ಇದನ್ನು ‘ನಮ್ಮ ಮನೆಯ ಹಂಡೆ’ ಎಂದೇ ಹೇಳುತ್ತಾ ಬಂದಿದ್ದೆ. ಊರಿನಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹುಣಿಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಹಂಡೆ, ಅದರ ಕೊರಳಿಗೆ ಬಳ್ಳಿ, ಬಚ್ಚಲೊಲೆಯಲ್ಲಿ ಅಡಿಕೆ ಸಿಪ್ಪೆಯ ಹೊಗೆ. ಆ ಹೊಗೆಯ ವಾಸನೆ ಟವೆಲಿಗೆ ಹತ್ತಿದರೆ ಎರಡು ದಿನ ಹೋಗುತ್ತಿರಲಿಲ್ಲ. ನಮ್ಮ ಅಜ್ಜ ಬೆಂಕಿಯ ಮುಂದೆ ಕುಳಿತು ಅಲ್ಲಿಯೇ ಕವಳ ಹಾಕಿ... ಇರಲಿ, ಅದು ಬೇರೆ ವಿಡಿಯೋ.

ಹಬ್ಬದ ಬೆಳಗಿನ ಜಾವ ಐದಕ್ಕೆ ಎದ್ದು ನೋಡುತ್ತೇನೆ, ಆಯಿ ಆಗಲೇ ತೊಟ್ಟಿಯಲ್ಲಿ ಕುಳಿತಿದ್ದಾರೆ. ನೆತ್ತಿಯಿಂದ ಪಾದದವರೆಗೆ ಕೊಬ್ಬರಿ ಎಣ್ಣೆ. ಕಟ್ಟೆಯ ಮೇಲೆ ಒಂದು ಬಟ್ಟಲು ಸೀಗೆಪುಡಿ, ಅರ್ಧ ಖಾಲಿ. ‘ತಮಾ, ಹಂಡೆಯೇನೋ ದೊಡ್ಡದಿದೆ, ತಂಬಿಗೆ ಎಲ್ಲಿಟ್ಟಿದ್ದೀಯೋ?’ ಎಂದು ಕೇಳಿದರು. ಏನು ಹೇಳಲಿ? ಹಬ್ಬದ ದಿನ ಬೈಯಲು ಬಾಯಿ ಬರಲಿಲ್ಲ. ನೀರಿಗೆ ಇಳಿಯುವ ಮೊದಲು ಒಳಗಿನ ಷವರಿನಲ್ಲಿ ಮೈ ತೊಳೆದುಕೊಂಡು ಬರಬೇಕು, ಕ್ರೀಮು ಎಣ್ಣೆ ಏನೂ ಇರಬಾರದು ಎನ್ನುವುದು ಈ ಮನೆಯ ಮೊದಲ ನಿಯಮ. ಅದನ್ನು ಬಂದ ನೆಂಟರಿಗೆಲ್ಲ ಹೇಳಿದ್ದೇನೆ, ಆಯಿಗೆ ಮಾತ್ರ ಹೇಳಿರಲಿಲ್ಲ.

ಆಮೇಲೆ ನೀರಿನಲ್ಲಿ ಗಾಳಿಯ ಗುಳ್ಳೆ ಎಬ್ಬಿಸುವ ಬಟನ್ ಒತ್ತಿದೆ. ಒತ್ತಬಾರದಿತ್ತು. ಸೀಗೆಪುಡಿ ನೊರೆ ಬರಿಸುತ್ತದೆ ಎಂದು ಗೊತ್ತಿದ್ದವನೇ ಒತ್ತಿದೆ. ಒಲೆಯ ಮೇಲೆ ಮರೆತ ಹಾಲಿನಂತೆ ಕಂದು ನೊರೆ ಉಕ್ಕಿ ಅಂಚು ದಾಟಿ ಹಲಗೆಯ ಮೇಲೆ ಹರಿಯಿತು. ಈ ಭಾಗವನ್ನು ಹೆಂಡತಿ ಚಿತ್ರಿಸಿದ್ದಾಳೆ, ಕ್ಯಾಮೆರಾ ಕುಣಿಯುತ್ತಿರುವುದು ಅವಳ ನಗುವಿನಿಂದ.

ನೀರು ಉಳಿಸಲು ಎರಡು ದಿನ ಹೆಣಗಿದೆ. ಟೆನಿಸ್ ಚೆಂಡಿನ ಜುಂಗು ಎಣ್ಣೆ ಹೀರುತ್ತದೆ ಎಂದು ಕೇಳಿ ನಾಲ್ಕು ಚೆಂಡು ತೇಲಿಬಿಟ್ಟೆ. ಹೀರುತ್ತದೆ, ಸುಳ್ಳಲ್ಲ, ಆದರೆ ಒಂದು ಕೈಬೆರಳಿಗೆ ಹಚ್ಚಿದ ಎಣ್ಣೆಯನ್ನು ಮಾತ್ರ. ನೀರಿನ ಕ್ರಿಮಿ ಕೊಲ್ಲುವ ಕ್ಲೋರಿನ್ 3 ಪಿಪಿಎಂ ಆದರೂ, ಅಂದರೆ ಹತ್ತು ಲಕ್ಷ ಭಾಗಕ್ಕೆ ಮೂರು ಭಾಗವಾದರೂ ಇರಬೇಕು. ಸಂಜೆ ಹಾಕಿದ್ದು ಬೆಳಿಗ್ಗೆ ಪರೀಕ್ಷೆಯ ಪಟ್ಟಿ ಅದ್ದಿ ನೋಡಿದರೆ ಸೊನ್ನೆ. ಎಣ್ಣೆಯೇ ಅದನ್ನು ನುಂಗುತ್ತಿತ್ತು.

ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಿ. ಇದು ಫಿಲ್ಟರ್. ನೀರಿನಿಂದ ಎತ್ತಿದಾಗ ಬರೀ ಜಿಡ್ಡಿನಂತೆ ಕಾಣುತ್ತಿತ್ತು. ಹೊರಗೆ 3 ಡಿಗ್ರಿ. ಕೊಬ್ಬರಿ ಎಣ್ಣೆ 24 ಡಿಗ್ರಿಗೆ ಗಟ್ಟಿಯಾಗುವ ವಸ್ತು. ನಾನು ಹಿಡಿದುಕೊಂಡು ನಿಂತಿದ್ದಂತೆಯೇ ಒಂದೊಂದು ಮಡಿಕೆಯೂ ಮಂಜಾಗಿ, ಬೆಳ್ಳಗಾಗಿ, ಕೊನೆಗೆ ಇಡೀ ಫಿಲ್ಟರ್ ಮೇಣದ ಬತ್ತಿಯಾಯಿತು. ಉಗುರಿನಿಂದ ಕೆರೆದರೆ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಬುದ್ಧಿವಂತನಂತೆ ಪಾತ್ರೆ ತೊಳೆಯುವ ಸೋಪಿನಲ್ಲಿ ನೆನೆಸಿದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಎಷ್ಟು ತೊಳೆದರೂ ಸೋಪು ಮಡಿಕೆಯಲ್ಲಿ ಉಳಿದು, ಮತ್ತೆ ನೊರೆ. ಎರಡು ಹೊಸ ಫಿಲ್ಟರಿಗೆ 90 ಡಾಲರ್. ಪೈಪು ತೊಳೆಯುವ ದ್ರವ, ಹೊಸದಾಗಿ ಕ್ಲೋರಿನ್, ನೀರಿನ ಹುಳಿ-ಕ್ಷಾರ ಸರಿಮಾಡುವ ಪಿಎಚ್ ಪುಡಿ ಎಲ್ಲಾ ಸೇರಿ ಇನ್ನೊಂದು 60. ಅಂಗಡಿಯವನು ‘ಯಾವ ಎಣ್ಣೆ?’ ಎಂದು ಕೇಳಿದ. ಹಬ್ಬದ್ದು ಎಂದೆ. ಮುಂದೆ ಕೇಳಲಿಲ್ಲ.

ಖಾಲಿ ಮಾಡುವ ದಿನ ಆಯಿಗೆ ತಡೆಯಲಾಗದ ಸಂಕಟ. ಅವರ ಎಣ್ಣೆಯ ಬಗ್ಗೆ ಅಲ್ಲ, ಇಷ್ಟು ನೀರು ಬಾಳೆಯ ಬುಡಕ್ಕೆ ಹೋಗುತ್ತಿಲ್ಲವಲ್ಲ ಎಂದು. ಕ್ಲೋರಿನ್ ಇಳಿಯಲೆಂದು ಮುಚ್ಚಳ ತೆಗೆದಿಟ್ಟು ಕಾಯುತ್ತಿದ್ದರೆ, ಅವರು ಬೇಲಿಯ ಪಕ್ಕದ ಮೇಪಲ್ ಮರವನ್ನು ತೋರಿಸಿ ಅದಕ್ಕಾದರೂ ಹಾಕು ಎಂದರು.

ಸರಿ, ಸಮಯವಾಗುತ್ತಿದೆ. ಉಳಿದ ಕಾಲಗಳನ್ನು ಬೇಗ ಮುಗಿಸುತ್ತೇನೆ. ಏಪ್ರಿಲ್: ನೀರು ಬದಲು, ನೋಡುವಂಥದ್ದೇನೂ ಇಲ್ಲ. ಜೂನ್: ಕಾಟನ್‌ವುಡ್ ಮರದ ಹತ್ತಿ ಹಾರಿ ಬಂದು ಫಿಲ್ಟರಿಗೆ ಕಂಬಳಿ ಹೊದಿಸುತ್ತದೆ, ವಾರಕ್ಕೆರಡು ಸಲ ತೊಳೆಯಬೇಕು. ಜುಲೈ: ಹೀಟರ್ 30ಕ್ಕೆ ಇಳಿಸಿದರೂ ನೀರು 36 ತೋರಿಸುತ್ತದೆ. ಪಂಪಿನ ಶಾಖವೇ ಹೊರಗೆ ಹೋಗದೆ ಒಳಗೆ ಸೇರುತ್ತದೆ. ಚಳಿಗಾಲದಲ್ಲಿ ನಾನು ಹೊಗಳುವ, ತೊಟ್ಟಿಯ ಶಾಖ ಹಿಡಿದಿಡುವ ಅದೇ ದಪ್ಪ ಹೊದಿಕೆಗೆ ಜುಲೈಯಲ್ಲಿ ಶಾಪ ಹಾಕುತ್ತೇನೆ. ಸಂಜೆ ಮುಚ್ಚಳ ಅರ್ಧ ತೆಗೆದಿಡಿ. ಸೊಳ್ಳೆ ಬರುತ್ತದೆ ಎನ್ನುತ್ತೀರಾ? ಬರುತ್ತದೆ. ಬೇಸಿಗೆಯಲ್ಲಿ ಇದನ್ನು ಮಾರಿಬಿಡಬೇಕು ಎನಿಸುವುದು ಸುಳ್ಳಲ್ಲ.

ಹದಿನೈದು ನಿಮಿಷವಾಯಿತು, ಏಳಬೇಕು. ಈಗ ಮುಚ್ಚಳ. ಕೊಂಡಾಗ ಒಂದು ಕೈಯಲ್ಲಿ ಎತ್ತುತ್ತಿದ್ದೆ. ಒಳಗಿನ ಫೋಮ್ ಆವಿ ಕುಡಿದು ಕುಡಿದು ಈಗ ಒದ್ದೆ ಹಾಸಿಗೆಯಷ್ಟು ಭಾರ. ಹೊಸದಕ್ಕೆ 480 ಡಾಲರ್ ಕೇಳಿದ್ದಾರೆ. ಅದರ ಬಗ್ಗೆ ಮೈ ಒದ್ದೆ ಇರುವಾಗ ಮಾತನಾಡುವುದಿಲ್ಲ. ಕ್ಯಾಮೆರಾದ ಬ್ಯಾಟರಿ ಚಳಿಗೆ ಕುಸಿಯುತ್ತಿದೆ, ಕೆಂಪು ದೀಪ ಬಂತು. ಟವೆಲ್ ಎಲ್ಲಿ? ಓ, ಇಲ್ಲಿದೆ. ಹಪ್ಪಳವಾಗಿದೆ. ಹಿಡಿದರೆ ನೆಟ್ಟಗೆ ನಿಲ್ಲುತ್ತದೆ, ನೋಡಿ. ಬಾಗಿಲು ತೆಗೆಯೇ, ಬಾಗಿಲು!